ಕಲ್ಯಾಣ ಮಂಟಪದಿಂದ ಮಾಡಿದ ಫೋನು

ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಶಿವಲಕ್ಷ್ಮಿಯದು ಜೇಬು ಕೂಡಿಸುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೊಂದೇ. ಕಾಲು ಕೂಡಿಸುವವರು ಬೇರೆ, ಜಿಪ್ಪು ಹಾಕುವವರು ಬೇರೆ. ಪೂರಾ ಪ್ಯಾಂಟು ಹೊಲಿ ಎಂದರೆ ಅವಳಿಗೆ ಬಾರದು.

ಹೆತ್ತದ್ದು ಒಂದೇ ಹೆಣ್ಣು, ಮೀನಾಕ್ಷಿ. ಗಂಡ ತೀರಿಕೊಂಡ ವರ್ಷವೇ, ಎಂಟು ತಿಂಗಳ ಆ ಕೂಸನ್ನು ಮಡಕಶಿರದ ಅಕ್ಕ ಆದಿಲಕ್ಷ್ಮಮ್ಮನ ಮಡಿಲಿಗೆ ಹಾಕಿದಳು. ಅಕ್ಕನಿಗೆ ಮಕ್ಕಳಿರಲಿಲ್ಲ. ಕೊಟ್ಟ ಮೇಲೆ ನನ್ನದು ಅನ್ನಬಾರದು, ಕೂಸಿಗೂ ತಿಳಿಸಬಾರದು ಎಂದು ಮನೆದೇವರ ಮುಂದೆ ಮಾತಾಯಿತು. ಅಂದಿನಿಂದ ಹೆತ್ತ ಮಗಳಿಗೆ ಅವಳು ಚಿಕ್ಕಮ್ಮ.

ಈಗ ಮಗಳ ಲಗ್ನಪತ್ರಿಕೆ ಬಂದಿತ್ತು. ಗಂಡನ ಮನೆ ಸೇರುವುದರೊಳಗೆ ಅವಳ ಬಾಯಿಂದ ಒಂದು ಸಲ, ಒಂದೇ ಒಂದು ಸಲ, ಅಮ್ಮಾ ಎಂದು ಕರೆಸಿಕೊಳ್ಳಬೇಕು. ಆ ಆಸೆ ಹಗಲೂ ರಾತ್ರಿ ಬೆನ್ನು ಬಿಡಲಿಲ್ಲ. ಅನ್ನ ಸೇರದಾಯಿತು. ಎಡ ಜೇಬು ಬಲಕ್ಕೆ ಬೀಳತೊಡಗಿತು.

ಶೆಡ್ಡಿನ ಮೇಸ್ತ್ರಿ ಲೋಕನಾಥ್ ಅದನ್ನು ಕಂಡು, "ಕಲ್ಯಾಣ ಮಂಟಪದಾಗ ವ್ಯಕ್ತಿತ್ವ ವಿಕಾಸದ ಸೆಮಿನಾರ್ ಐತ್ರಿ ಅಕ್ಕಾ, ಎರಡು ದಿನ. ನಾನು ಹೋಗಿದ್ದೆ. ಎದಿ ಮ್ಯಾಲಿನ ಕಲ್ಲು ಇಳಿದಂಗಾತು. ಹೋಗಿ ಬರ್ರಿ" ಎಂದ.

ಹೋದಳು. ಇನ್ನೂರು ಕುರ್ಚಿ, ಕಿವಿ ಒಡೆಯುವ ಹಾಡು. ಪಕ್ಕದಲ್ಲಿ ಕೂತ ಕಣೇಕಲ್ಲಿನ ಟೀಚರಮ್ಮ ಅವಳ ಕೈ ಹಿಡಿದು, "ನಿಮಗೇನು ಸಂಕಟರೀ?" ಎಂದು ಕೇಳಿದಳು. ಹಾಗೆ ಕೇಳಿದವರು ಇಷ್ಟು ವರ್ಷದಲ್ಲಿ ಒಬ್ಬರಿರಲಿಲ್ಲ. ಶಿವಲಕ್ಷ್ಮಿ ಬಿಕ್ಕಿಬಿಕ್ಕಿ ಅತ್ತಳು. ಜನ ಇಂಥಲ್ಲಿಗೆ ಹೋಗುವುದು ಬಹುಶಃ ಇದಕ್ಕೇ.

ಎರಡನೆಯ ದಿನ ಮೈಕು ಹಿಡಿದವನು, ಯಾರಿಗೆ ಹೇಳಬೇಕಾದ ಮಾತು ಉಳಿದಿದೆಯೋ ಅವರಿಗೆ ಫೋನು ಮಾಡಿ ಎಂದ. ಶಿವಲಕ್ಷ್ಮಿಯ ಮುಂದೆಯೇ ಬಂದು ನಿಂತ. "ಇಪ್ಪುಡೇ ಚೆಪ್ಪಂಡಿ ಅಮ್ಮಾ, ಈಗಲೇ ಹೇಳಿಬಿಡಿ!" ಶಿವಲಕ್ಷ್ಮಿ ಮಗಳಿಗೆ ಫೋನು ಮಾಡಿದಳು.

"ಮೀನಾ, ನಾನು ನಿನ್ನ ಅಮ್ಮ."

"ನಮ್ಮಮ್ಮ ಇಲ್ಲೇ ಮುದ್ದೆ ತೊಳಸ್ತಾ ಐತೆ. ನೀವ್ಯಾರು?"

"ಶಿವಿ. ನಿನ್ನ ಹೆತ್ತಾಕಿ."

ಸುತ್ತಲೂ ಚಪ್ಪಾಳೆ ಬಿತ್ತು. "ಏನ್ ಚಿಕ್ಕಮ್ಮ, ತಮಾಷೆನಾ? ಅದ್ಯಾರು ಚಪ್ಪಾಳೆ ಹೊಡಿತಾವ್ರೆ?" ಎಂದು ಮಗಳು ಫೋನು ಇಟ್ಟಳು. ಗೆದ್ದಿರಿ ಅಮ್ಮಾ, ಗೆದ್ದಿರಿ ಎಂದ ಮೈಕಿನವನು. ಆ ಕಡೆಯವರು ಏನೆಂದರೆಂದು ಯಾರೂ ಕೇಳಲಿಲ್ಲ.

ಸಂಜೆ ಅಕ್ಕನ ಫೋನು ಬಂತು. "ದೇವ್ರ ಮುಂದೆ ಆಡಿದ್ ಮಾತು ಎಲ್ಲೋಯ್ತೇ? ಮೀನಾ ಉಣ್ಣದೆ ಮೂಲೆ ಸೇರೈತೆ. ನಿಜಾನಾ ಅಂತ ಕೇಳ್ತೈತೆ. ನಿಂಗೆ ತಲೆ ಕೆಟ್ಟೈತೆ ಅಂತ ಹೇಳಿದೀನಿ. ಮದ್ವೆಗೆ ನೀನು ಬರಬ್ಯಾಡ."

ಮರುದಿನ ಪಕ್ಕದ ಮಿಷನ್ನಿನ ಮೈಲಾರಮ್ಮ ಬಗ್ಗಿ ಕೇಳಿದಳು. ಶೆಡ್ಡಿನಲ್ಲಿ ಗುಟ್ಟು ಬಲ್ಲವಳು ಆ ಮುದುಕಿ ಒಬ್ಬಳೇ. "ಏನಾತಲೇ ಶಿವಿ? ಅಲ್ಲಿ ಫೋನು ಮಾಡಿಸ್ತಾರಂತಲ್ಲ, ಅಮ್ಮ ಅಂದ್ಲಾ?"

"ಅಂದ್ಲ್ರಿ ಅಕ್ಕಾ."

"ಖರೇನ? ಹಂಗಾರ ನನ್ನ ಮಗಗೂ ಒಂದು ಫೋನು ಹಚ್ಚಲೇನು? ಓಬಳಾಪುರದ ಕಡೆ ಹೋದಾವ ಎರಡು ವರ್ಷ ಆತು, ಹೊಳ್ಳಿ ನೋಡಿಲ್ಲ. ಮುದುಕಿಯರನ್ನ ಒಳಗ ಬಿಡ್ತಾರೇನು, ಇಲ್ಲಾ ಹಲ್ಲು ಎಣಿಸ್ತಾರೋ?"

ಬೇಡ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮುರಿದ ಮಾತನ್ನು ಕೂಡಿಸುವುದು ಹೇಗೆಂದು ಸೆಮಿನಾರಿನ ಮುಂದಿನ ಹಂತದಲ್ಲಿ ಕಲಿಸುತ್ತಾರಂತೆ. ಅದಕ್ಕೆ ಸೇರಬೇಕಾದರೆ ಹೊಸಬರೊಬ್ಬರನ್ನು ಕರೆತರಬೇಕಂತೆ. ಮುದುಕಿಯ ಮಗ ಒಂದು ಮಾತಾಡಿಬಿಟ್ಟರೆ ತನ್ನ ಮಗಳೂ ಆಡಿಯಾಳು. ಯಾರಿಗೂ ಫಲಿಸುವುದಿಲ್ಲ ಎಂದಾದರೆ ತನಗೆ ಉಳಿಯುವುದೇನು?

ಶಿವಲಕ್ಷ್ಮಿ ಮುದುಕಿಯ ರಟ್ಟೆ ಹಿಡಿದಳು. "ಬರ್ರಿ ಅಕ್ಕಾ. ಭಾಳ ಚಲೋ ಐತ್ರಿ. ಇವತ್ತಿಂದ ಹೊಸ ತಂಡ ಐತಂತ, ಹೋಗೂಣು."

"ಹೋಗೂಣಂತ, ಬಿಡು. ರಟ್ಟಿ ಯಾಕ ಹಿಂಗ ಹಿಡಿದೀಯಲೇ?"

"ಮೊದಲು ಹೆಸರು ಬರೆಸ್ರಿ," ಎಂದಳು ಶಿವಲಕ್ಷ್ಮಿ. ರಟ್ಟೆ ಬಿಡಲಿಲ್ಲ.