ಎಂಜಿನ್ ನಂಬರ್ ಇಲ್ಲದ ಕಾರು

ಚಳ್ಳಕೆರೆಯ ಸುಮಯ್ಯ ತಳಕಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಬಳ್ಳಾರಿ ರಸ್ತೆಯಲ್ಲಿ ಹೋಗಿಬರಲು ದಿನಾ ನಲವತ್ತು ಕಿಲೋಮೀಟರ್. ಅವಳ ಗಂಡ ಇಮ್ರಾನ್ ಸುಟ್ಟ ಪಂಪ್‌ಸೆಟ್ಟುಗಳಿಗೆ ತಂತಿ ಸುತ್ತುವ ಮೆಕ್ಯಾನಿಕ್. 2005ರಲ್ಲಿ ಅವನು ಹಳೆಯ ಪುಟ್ಟ ಕಾರೊಂದರ ಎಂಜಿನ್ ಕಿತ್ತು ಮಾರಿ, ಗುಜರಿಯಿಂದ ತಂದ ವಿದ್ಯುತ್ ಮೋಟಾರು ಕೂರಿಸಿದ. ಹಿಂದಿನ ಸೀಟು ತೆಗೆದು ಆರು ಟ್ರ್ಯಾಕ್ಟರ್ ಬ್ಯಾಟರಿ ಜೋಡಿಸಿದ.

"ಇನ್ಮೇಲೆ ನೀನು ಬಸ್ಸಿಗೆ ಕಾಯೋಹಂಗಿಲ್ಲ," ಎಂದ.

ನಿಜ, ಬಸ್ಸಿಗೆ ಕಾಯುವುದು ತಪ್ಪಿತು. ಆದರೆ ಕರೆಂಟಿಗೆ ಕಾಯಬೇಕಾಯಿತು. ಶಾಲೆಯ ಕರೆಂಟು ಬಳಸಲು ಮನಸ್ಸೊಪ್ಪದೆ, ಸುಮಯ್ಯ ಪಕ್ಕದಲ್ಲಿದ್ದ ಯರ್ರಮ್ಮನ ಹಿಟ್ಟಿನ ಗಿರಣಿಯಲ್ಲಿ ಬಾಡಿಗೆ ಕೊಟ್ಟು ಚಾರ್ಜಿಗೆ ಹಾಕುತ್ತಿದ್ದಳು. ಸಂಜೆ ಬಂದರೆ ಯರ್ರಮ್ಮ ಕೈ ಅಲ್ಲಾಡಿಸುವಳು: "ಇವತ್ತೂ ಕರೆಂಟ್ ಇಲ್ಲಮ್ಮ. ಜೋಳಾನೂ ಬೀಸಿಲ್ಲ, ನಿನ್ ಕಾರೂ ತುಂಬಿಲ್ಲ."

ಆಷಾಢದಲ್ಲಿ ಇನ್ನೂ ಕಷ್ಟ. ಎದುರುಗಾಳಿಗೆ ಕಾರು ಮುಂದಕ್ಕೇ ಹೋಗದು. ಹಿಂದಿನ ಲಾರಿಗಳು ಹಾರ್ನ್ ಬಾರಿಸಿ ಬಾರಿಸಿ ಅವಳ ತಲೆ ಚಿಟ್ಟು ಹಿಡಿಸುತ್ತಿದ್ದವು. ಬೆಳಗಿನ ಪ್ರಾರ್ಥನೆ ತಪ್ಪಿತು, ಮೊದಲ ಪಿರಿಯಡ್ ತಪ್ಪಿತು. ಮನೆಯಲ್ಲಿ ಹೇಳಿದರೆ ಇಮ್ರಾನ್‌ನದು ಒಂದೇ ಮಾತು: "ನಿಧಾನಕ್ಕೆ ಓಡ್ಸು, ಚಾರ್ಜ್ ಉಳಿತೈತೆ."

"ಇದಕ್ಕಿಂತ ನಿಧಾನ ಅಂದ್ರೆ ಇಳಿದು ನಡೀಬೇಕು!"

ಒಂದು ಸಂಜೆ ಊರು ಐದು ಕಿಲೋಮೀಟರ್ ಇರುವಾಗ ಕಾರು ನಿಂತೇಬಿಟ್ಟಿತು. ತಳ್ಳಿ ಬದಿಗೆ ಹಾಕುತ್ತಿದ್ದಾಗ ಸಾರಿಗೆ ಇಲಾಖೆಯ ಜೀಪು ಬಂತು. ಅಧಿಕಾರಿ ಕಾಗದ ನೋಡಿ, ಬಾನೆಟ್ ಎತ್ತಿಸಿದರು.

"ಪೆಟ್ರೋಲ್ ಗಾಡಿ ಅಂತ ಐತಲ್ಲಮ್ಮ. ಎಂಜಿನ್ ಎಲ್ಲಿ?"

"ಇಲ್ಲ ಸಾರ್. ಕರೆಂಟಲ್ಲಿ ಓಡುತ್ತೆ."

"ಎಂಜಿನ್ ನಂಬರ್ ತೋರಿಸಿ."

"ಎಂಜಿನ್ನೇ ಇಲ್ಲ ಅಂದ್ಮೇಲೆ ನಂಬರ್ ಎಲ್ಲಿಂದ ತರ್ಲಿ ಸಾರ್?" ಸುಮಯ್ಯಳ ದನಿ ಏರಿತು. ಕಾರು ಠಾಣೆ ಸೇರಿತು.

ಎರಡು ತಿಂಗಳು ಇಮ್ರಾನ್ ಅಂಗಡಿ ಮುಚ್ಚಿ ಕಚೇರಿಗೆ ಅಲೆದ. ಒಬ್ಬರು ಬೆಂಗಳೂರಿನ ಮುಖ್ಯ ಕಚೇರಿಗೆ ಬರೆಯಿರಿ ಎಂದರು, ಇನ್ನೊಬ್ಬರು ಇದಕ್ಕೆ ಅರ್ಜಿ ನಮೂನೆಯೇ ಇಲ್ಲವೆಂದರು. ಅವನೇ ಬಿಡಿಸಿ ಒಯ್ದಿದ್ದ ಕಾರಿನ ವೈರಿಂಗ್ ನಕ್ಷೆಯನ್ನು ಯಾರೂ ಬಿಚ್ಚಿ ನೋಡಲಿಲ್ಲ. ಕೊನೆಗೆ ಹಳೆ ಎಂಜಿನ್ ಕೊಂಡವನನ್ನೇ ಹುಡುಕಿ, ಕಾಡಿಬೇಡಿ ವಾಪಸು ತಂದು, ಠಾಣೆಯಲ್ಲೇ ಕೂರಿಸಿ ಕಾರು ಬಿಡಿಸಿಕೊಂಡ. ಅಷ್ಟು ದಿನವೂ ಅವನು ಸರಿಯಾಗಿ ಉಣ್ಣಲಿಲ್ಲ.

ಸೋಮವಾರ ಸುಮಯ್ಯ ಕೀಲಿ ತಿರುಗಿಸಿದಳು. ಎಂಜಿನ್ ಗುರುಗುಟ್ಟಿತು, ಪೆಟ್ರೋಲ್ ವಾಸನೆ ಅಂಗಳ ತುಂಬಿತು. ವರ್ಷವಿಡೀ ಆ ಕಾರನ್ನು ಬೈದವಳು ಅವಳೇ. ಆದರೂ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಗಂಡನನ್ನು ಕಂಡು ಅವಳಿಗೆ ಕಚೇರಿಯವರ ಮೇಲೆ ಸಿಟ್ಟು ಉಕ್ಕಿತು.

"ಆ ನಕ್ಷೆ ಎಲ್ಲೈತೆ? ಕೊಡಿ ಇಲ್ಲಿ."

"ಯಾಕೆ?"

"ಬೆಂಗಳೂರಿಗೆ ನಾನೇ ಬರೀತೀನಿ."

ಬರೆದಳು, ಮೂರು ಸಲ. ಯಾವುದಕ್ಕೂ ಉತ್ತರ ಬರಲಿಲ್ಲ.