ಮೌಸ್ ಹಿಡಿಸಿದ ಷಡಕ್ಷರಿ, ಪೆನ್ಸಿಲ್ ಬಿಡದ ಮೇಷ್ಟ್ರು

ಬೆಳಗಿನ ಆರು ಗಂಟೆ. ನಜರ್‌ಬಾದಿನ ಆ ಖಾಸಗಿ ಕಾಲೇಜಿನ ಆವರಣದಲ್ಲಿ ಕಸ ಗುಡಿಸುವ ಪೊರಕೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೊದಲ ಮಹಡಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟ ಷಡಕ್ಷರಿ, ಮಾನಿಟರ್‌ಗಳ ಮೇಲಿನ ಬಟ್ಟೆಯ ಹೊದಿಕೆಗಳನ್ನು ಒಂದೊಂದಾಗಿ ತೆಗೆದು ಮಡಿಸಿಡುತ್ತಿದ್ದಾರೆ. ಹಣೆಯ ವಿಭೂತಿ ಇನ್ನೂ ಪೂರ್ತಿ ಒಣಗಿಲ್ಲ.

ಅಷ್ಟರಲ್ಲಿ ವಿದ್ಯಾರ್ಥಿಗಳು ಮೆಟ್ಟಿಲು ಹತ್ತಿ ಬರುತ್ತಾರೆ. ಯಾರು ಅಂತೀರಿ? ಇದೇ ಕಾಲೇಜಿನ ಅಧ್ಯಾಪಕರು! ಒಬ್ಬರ ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಬ್ಬರ ತಲೆಗೆ ಮಫ್ಲರ್. ಪಾಠದ ಟಿಪ್ಪಣಿಯನ್ನು ಕಾಲೇಜಿನ ಜಾಲತಾಣಕ್ಕೆ ಏರಿಸುವುದು, ಹುಡುಗರು ಕಳಿಸಿದ ಅಸೈನ್‌ಮೆಂಟನ್ನು ಪರದೆಯ ಮೇಲೇ ತಿದ್ದುವುದು, ಇಂಟರ್ನಲ್ ಅಂಕಗಳನ್ನು ಅಲ್ಲೇ ತುಂಬುವುದು, ಇವನ್ನೆಲ್ಲ ಷಡಕ್ಷರಿ ಅವರಿಗೆ ಎರಡು ವರ್ಷದಿಂದ ಕಲಿಸುತ್ತಿದ್ದಾರೆ. ಹುದ್ದೆಯ ಹೆಸರು ‘ಲ್ಯಾಬ್ ಸಹಾಯಕ’.

ಇಷ್ಟು ಬೆಳಗ್ಗೆ ಯಾಕೆ ಎಂದು ಕೇಳಿದರೆ ಅವರು ದನಿ ತಗ್ಗಿಸುತ್ತಾರೆ. “ನಾಚಿಕೆ ಸಾರ್, ಇನ್ನೇನಿಲ್ಲ. ಜೀವಮಾನವೆಲ್ಲ ಬೋರ್ಡ್ ಮುಂದೆ ಹುಲಿ ಥರ ನಿಂತೋರು. ಮೌಸ್ ಹಿಡಿಯೋಕೆ ಕೈ ನಡುಗೋದನ್ನ ಹುಡುಗ್ರು ನೋಡ್ಬುಟ್ರೆ ಎಂಗೆ? ಅದಕ್ಕೇ, ಅವ್ರು ಬರೋಕೆ ಮುಂಚೆ ಬಂದ್ಬುಡಿ ಅಂದೆ.”

ಕನ್ನಡ ವಿಭಾಗದ ಗಿರಿಜಾಂಬಾ ಅವರು ಮೌಸನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಾರೆ. “ಮೇಡಂ, ಅಷ್ಟು ಬಿಗಿಯಾಗಿ ಹಿಡೀಬೇಡಿ, ಅದು ಎಲ್ಲಿಗೂ ಓಡಿಹೋಗಲ್ಲ” ಎನ್ನುತ್ತಾರೆ ಷಡಕ್ಷರಿ. “ಹಿಡಿದಿದ್ರೂ ಓಡುತ್ತೆ ಕಣಪ್ಪ ಇದು! ಬಾಣ ಎಲ್ಲೋಯ್ತು, ಮೊದ್ಲು ಅದನ್ನ ಹುಡುಕಿಕೊಡು” ಎಂದು ಮೇಡಂ ಗದರುತ್ತಾರೆ. ಇಡೀ ಲ್ಯಾಬು ನಗುತ್ತದೆ, ಮೇಡಮ್ಮೂ ನಗುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವವರು ಒಂದು ಬೆಳಗ್ಗೆ ಇಲ್ಲಿಗೆ ಬಂದು ಕೂರಬೇಕು.

ಷಡಕ್ಷರಿಯವರ ತಂದೆಯದು ದೇವರಾಜ ಮೊಹಲ್ಲಾದಲ್ಲಿ ವಿಭೂತಿ ಗಟ್ಟಿ, ಊದುಬತ್ತಿ ಮಾರುವ ಪುಟ್ಟ ಅಂಗಡಿ. ಮಠದ ಹಾಸ್ಟೆಲಿನಲ್ಲಿ ಉಂಡು ಓದಿದ ಮಗ, ತೊಂಬತ್ತರ ದಶಕದಲ್ಲಿ ಅದೇ ಬೀದಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೋಧಕನಾದ. ಆಗ ಸಂಜೆಯಾದರೆ ಮೆಟ್ಟಿಲ ಮೇಲೆಲ್ಲ ಹುಡುಗ ಹುಡುಗಿಯರು ತಮ್ಮ ಸರದಿಗಾಗಿ ಕಾಯುತ್ತಿದ್ದರಂತೆ. ಆಮೇಲೆ ಕಂಪ್ಯೂಟರ್ ಬಂತು, ಮೆಟ್ಟಿಲು ಖಾಲಿಯಾಯಿತು. ಟೈಪ್‌ರೈಟರುಗಳು ಗುಜರಿಗೆ ಹೋದ ದಿನ ಷಡಕ್ಷರಿ ಊಟ ಮಾಡಲಿಲ್ಲ.

“ನನ್ ಕೆಲ್ಸಾನೇ ತಿಂದಾಕಿದ ಮಿಷಿನ್ನು ಸಾರ್ ಇದು. ಕಂಡ್ರೆ ಉರೀತಿತ್ತು” ಎಂದು ಅವರು ಮಾನಿಟರ್ ಕಡೆ ಬೆರಳು ತೋರಿಸುತ್ತಾರೆ. ಕಲಿ ಎಂದು ನೂಕಿದವರು ಹೆಂಡತಿ ಮಧುಶ್ರೀ. ಅವರು ಶ್ರೀರಾಂಪುರದ ಮನೆಯಲ್ಲಿ ರವಿಕೆ ಹೊಲಿದು ಸಂಸಾರ ನಡೆಸಿದರು; ಇವರು ತಮಗಿಂತ ತೀರಾ ಚಿಕ್ಕವರ ನಡುವೆ ಕೂತು ಕಂಪ್ಯೂಟರ್ ಡಿಪ್ಲೊಮಾ ಮಾಡಿದರು. ದೊಡ್ಡವರು ಕಲಿಯಲು ಹೊರಟರೆ ಎಷ್ಟು ಅಂಜುತ್ತಾರೆ ಎಂಬುದು ಅವರಿಗೆ ಅಲ್ಲೇ ಗೊತ್ತಾದದ್ದು. ಈಗಿನ ಕೆಲಸವೂ ಗುತ್ತಿಗೆಯದೇ, ಪ್ರತಿ ಜೂನ್‌ನಲ್ಲಿ ಹೊಸದಾಗಿ ಆದೇಶ ಬರಬೇಕು.

ಆ ಕೆಲಸವೂ ಕಳೆದ ನವೆಂಬರಿನಲ್ಲಿ ಕೈಬಿಟ್ಟು ಹೋಗುವುದರಲ್ಲಿತ್ತು.

ಇತಿಹಾಸ ವಿಭಾಗದ ಮುಖ್ಯಸ್ಥ ಅನಂತಪದ್ಮನಾಭ ಅವರು ಕಾಲೇಜಿನಲ್ಲೇ ಹಿರಿಯರು. ಅವರು ಹೂಂ ಎಂದರೆ ಉಳಿದವರೂ ಹೂಂ, ಅವರು ಎದ್ದು ಹೋದರೆ ಲ್ಯಾಬು ಖಾಲಿ. ಇಂಥ ಮೇಷ್ಟ್ರನ್ನು ಎಷ್ಟೋ ದಿನ ಪುಸಲಾಯಿಸಿ, ಷಡಕ್ಷರಿ ಅಂಕ ತುಂಬಲು ಕೂರಿಸಿದರು. ಮೇಷ್ಟ್ರು ಒಂದೇ ಬೆರಳಲ್ಲಿ ಇಡೀ ತರಗತಿಯ ಅಂಕ ತುಂಬಿ, ‘ಸೇವ್’ ಒತ್ತಿ, ಗೆದ್ದವರಂತೆ ಮನೆಗೆ ಹೋದರು. ಷಡಕ್ಷರಿಯೂ ಆ ದಿನ ಖುಷಿಯಲ್ಲಿ ಮನೆಗೆ ಮೈಸೂರು ಪಾಕ್ ಒಯ್ದರು.

ಆದರೆ ಆ ಕಾಲೇಜಿನ ಹಳೆಯ ಮೇಷ್ಟ್ರುಗಳದು ಒಂದು ರೂಢಿ. ಇಂಟರ್ನಲ್ ಅಂಕವನ್ನು ಮೊದಲು ಪೆನ್ಸಿಲಿನಲ್ಲಿ, ಕೈ ಬಿಗಿಹಿಡಿದು ಹಾಕುತ್ತಾರೆ. ಆಮೇಲೆ ಇಡೀ ತರಗತಿಯನ್ನು ಒಟ್ಟಿಗೆ ನೋಡಿ, ಸೆಮಿನಾರು, ಹಾಜರಿ, ಮಕ್ಕಳ ಕಷ್ಟಸುಖ ಎಲ್ಲ ತೂಗಿ, ಏರಿಸಿ, ಕೊನೆಗೆ ಇಂಕಿನಲ್ಲಿ ಬರೆಯುತ್ತಾರೆ. ಪೆನ್ಸಿಲ್ ಅಂಕ ಯಾರ ಕಣ್ಣಿಗೂ ಬೀಳುವುದಿಲ್ಲ. ಅನಂತಪದ್ಮನಾಭ ಅವರು ಕಂಪ್ಯೂಟರಿನಲ್ಲಿ ತುಂಬಿದ್ದು ಆ ಪೆನ್ಸಿಲ್ ಅಂಕವನ್ನೇ. ಸೇವ್ ಒತ್ತಿದ ಗಳಿಗೆಯಲ್ಲೇ ಅದು ಮಕ್ಕಳಿಗೂ ಕಾಣುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಂಜೆಯೊಳಗೆ ಸುದ್ದಿ ಸೈಬರ್ ಕೆಫೆಯಿಂದ ಸೈಬರ್ ಕೆಫೆಗೆ ಹಬ್ಬಿತು. ಮಾರನೆಯ ದಿನ ಲಹರಿ ಎಂಬ ಹುಡುಗಿ, ಯಾವಾಗಲೂ ಮುಂದಿನ ಬೆಂಚಿನಲ್ಲಿ ಕೂರುವವಳು, ವಿಭಾಗದ ಬಾಗಿಲಲ್ಲಿ ನಿಂತು ಅತ್ತಳು. “ನಾನೇನ್ ತಪ್ಪು ಮಾಡ್ದೆ ಸಾರ್? ನನ್ನನ್ನ ಫೇಲ್ ಮಾಡಿದೀರಲ್ಲ!” ಅಷ್ಟು ವರ್ಷದ ಪಾಠದಲ್ಲಿ ಮೇಷ್ಟ್ರನ್ನು ಯಾವ ಮಗುವೂ ಹೀಗೆ ಕೇಳಿರಲಿಲ್ಲ. ಅಂದಿನಿಂದ ಅವರು ಲ್ಯಾಬಿನ ಮೆಟ್ಟಿಲು ಹತ್ತಲಿಲ್ಲ. ಅವರ ಹಿಂದೆ ಮಿಕ್ಕವರೂ ನಿಂತುಬಿಟ್ಟರು.

ಪ್ರಾಂಶುಪಾಲರು ಸಭೆ ಕರೆದರು. ಹಿರಿಯರೇ ಒಲ್ಲೆ ಎಂದ ಮೇಲೆ ಹಳೆಯ ಕಾಗದದ ಪದ್ಧತಿಯೇ ವಾಸಿ, ತಿಂಗಳ ಕೊನೆಯವರೆಗೆ ನೋಡೋಣ ಎಂದರು. ಕಾಗದ ಬಂದರೆ ಷಡಕ್ಷರಿಗೆ ಅಲ್ಲಿ ಕೆಲಸವಿಲ್ಲ, ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಷಡಕ್ಷರಿ ಮಾತಾಡಿದ್ದು ಆಗ.

“ತಪ್ಪು ಮೇಷ್ಟ್ರುದಲ್ಲ ಸಾರ್, ನಂದು. ಅಂಕ ಮಕ್ಕಳಿಗೆ ಕಾಣದಂಗೆ ಮುಚ್ಚಿಡೋ ಅನುಕೂಲ ಅದ್ರಲ್ಲಿದೆ. ಒಂದೇ ದಿನ ಎಲ್ಲಾ ಹೇಳಿದ್ರೆ ಗಾಬರಿ ಆಗ್ತಾರೆ ಅಂತ ನಾನೇ ಬಿಟ್ಟೆ. ಮೇಷ್ಟ್ರು ಅಂಕ ಹೆಂಗ್ ಹಾಕ್ತಾರೆ ಅಂತ ಒಂದ್ ಮಾತು ಕೇಳ್ಲೂ ಇಲ್ಲ.”

ಅಯ್ಯೋ, ಇಂಥ ಹೊತ್ತಲ್ಲಿ ಹೀಗೆ ಹೇಳಿ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವವರು ಉಂಟೇ! ಮಧುಶ್ರೀ ಕೂಡ ಆ ಸಂಜೆ ಅದನ್ನೇ ಕೇಳಿದರಂತೆ. “ಸುಮ್ನಿದ್ದಿದ್ರೆ ಗಂಟೇನ್ ಹೋಗ್ತಿತ್ರೀ?” ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಷಡಕ್ಷರಿ ಈಗ ನಗುತ್ತಾ ಹೇಳುತ್ತಾರೆ.

ಮುಂದಿನ ದಿನಗಳಲ್ಲಿಯೂ ಅವರು ಬೆಳಗ್ಗೆ ಲ್ಯಾಬು ತೆರೆದರು. ಹೊದಿಕೆ ತೆಗೆದರು, ಕಾದರು, ಮತ್ತೆ ಹೊದಿಸಿದರು. ಯಾರೂ ಬರಲಿಲ್ಲ. ತಿಂಗಳು ಮುಗಿಯಲು ಇನ್ನೇನು ಕೆಲವೇ ದಿನ ಇರುವಾಗ ಮೆಟ್ಟಿಲ ಮೇಲೆ ಕೊಡೆ ಊರುವ ಸದ್ದು ಕೇಳಿತು. ಅನಂತಪದ್ಮನಾಭ ಅವರು! ಅವರ ಹಿಂದೆ ಲಹರಿ.

“ಷಡಕ್ಷರಿ, ಆ ಮುಚ್ಚಿಡೋದು ಎಲ್ಲಿದೆ, ತೋರಿಸಯ್ಯ. ಈ ಮಗು ಎದುರಿಗೇ ಕಲೀತೀನಿ. ತಪ್ಪು ತಿಳುವಳಿಕೆ ಆಗಿದ್ದು ಇವಳಿಗೆ ತಾನೇ?”

ಷಡಕ್ಷರಿ ಹಿಂದಿನ ದಿನಗಳಲ್ಲೇ ಒಂದು ಅಂಕಣ ಮಾಡಿಟ್ಟಿದ್ದರು, ಅದಕ್ಕೆ ‘ಪೆನ್ಸಿಲ್’ ಎಂದೇ ಹೆಸರು. ಅಲ್ಲಿ ಏನು ತುಂಬಿದರೂ ಮೇಷ್ಟ್ರಿಗಷ್ಟೇ ಕಾಣುತ್ತದೆ. ಪಕ್ಕದ್ದು ‘ಇಂಕು’, ಅದು ಎಲ್ಲರಿಗೂ. ಮೇಷ್ಟ್ರು ಕನ್ನಡಕ ಏರಿಸಿ ಎರಡನ್ನೂ ಓದಿದರು. ಆಮೇಲೆ ಲಹರಿಯ ಸೆಮಿನಾರ್ ಅಂಕ ಸೇರಿಸಿ, ಇಂಕಿನ ಅಂಕಣದಲ್ಲಿ ತಾವೇ ಒತ್ತಿದರು. ಹುಡುಗಿ ಈ ಸಲವೂ ಅತ್ತಳು, ಆದರೆ ನಗುತ್ತಾ.

ತಿಂಗಳ ಕೊನೆಗೆ ಎಲ್ಲ ವಿಭಾಗಗಳ ಅಂಕವೂ ಜಾಲತಾಣ ಸೇರಿತು. ಕಾಗದದ ಮಾತು ಅಲ್ಲಿಗೆ ನಿಂತಿತು, ಈ ಜೂನ್‌ನಲ್ಲಿ ಷಡಕ್ಷರಿಗೆ ಮತ್ತೊಂದು ವರ್ಷದ ಆದೇಶ ಸಿಕ್ಕಿತು. ಕೆಲಸ ಕಾಯಂ ಆಗಲಿ ಎಂಬ ಆಸೆ ಇಲ್ಲವೇ ಎಂದರೆ ಅವರು ಮುಚ್ಚುಮರೆ ಮಾಡುವುದಿಲ್ಲ. “ಇದೆ ಸಾರ್, ಸುಳ್ಯಾಕೆ? ಯಾರಿಗಿರಲ್ಲ?” ಎಂದು, ಮೊನ್ನೆಯ ಒಂದು ಸಂಗತಿ ಹೇಳುತ್ತಾರೆ.

“ಮೊನ್ನೆ ಬರೋದು ಸ್ವಲ್ಪ ಲೇಟಾಯ್ತು. ನೋಡಿದ್ರೆ ವಾಚ್‌ಮನ್ ಕೈಲಿ ಬಾಗ್ಲು ತೆಗೆಸಿ, ಅನಂತಪದ್ಮನಾಭ ಸಾರು ಗಿರಿಜಾಂಬಾ ಮೇಡಂಗೆ ಅಂಕ ತುಂಬೋದು ಹೇಳ್ಕೊಡ್ತಾ ಕೂತವ್ರೆ. ಮೇಡಂ ತಪ್ಪು ಮಾಡಿದ್ರು, ಸಾರೂ ತಪ್ಪು ಹೇಳಿದ್ರು, ಆಮೇಲೆ ಇಬ್ರೂ ಸೇರ್ಕೊಂಡು ಸರಿ ಮಾಡ್ಕೊಂಡ್ರು. ನಾನು ಒಳಕ್ಕೆ ಹೋಗ್ಲಿಲ್ಲ, ಬಾಗ್ಲಲ್ಲೇ ನಿಂತ್ಕೊಂಡೆ. ಮೇಷ್ಟ್ರು ಪಾಠ ಮಾಡ್ತಿರ್ಬೇಕಾದ್ರೆ ಮಧ್ಯದಲ್ಲಿ ನುಗ್ಗಬಾರ್ದು, ಅಲ್ವಾ ಸಾರ್?”