ಬೆಳ್ಳಿಯಪ್ಪನವರ ಚುಕ್ಕಿ

ಕೊಯಮತ್ತೂರಿನ ನಮ್ಮ ಆಸ್ಪತ್ರೆಯಲ್ಲಿ ಮೈಯೊಳಗಿನ ರೋಗವನ್ನು ಪರದೆಗೆ ತರುವ ಗಾಮಾ ಕ್ಯಾಮೆರಾ ದಿನಾ ಬೆಳಿಗ್ಗೆ ಮೊದಲು ನೋಡುತ್ತಿದ್ದದ್ದು ರೋಗಿಯನ್ನಲ್ಲ, ತಂತ್ರಜ್ಞ ಬೆಳ್ಳಿಯಪ್ಪನವರು ಮಾಡಿದ ಚುಕ್ಕಿಯನ್ನು. ಸಣ್ಣ ಗಾಜಿನ ಕೊಳವೆಯ ತುದಿಗೆ ವಿಕಿರಣ ಸೂಸುವ ದ್ರವವನ್ನು ಸಾಸಿವೆಗಿಂತ ಚಿಕ್ಕ ಹನಿಯಾಗಿ ಇಳಿಸಿ, ಬಾಯಿ ಮುಚ್ಚಿ, ಕ್ಯಾಮೆರಾದ ಎದುರಿಗಿಡುತ್ತಿದ್ದರು. ಪರದೆಯ ತುಂಬ ಒಂದೇ ಸಮ ಬೆಳಕು ಬಂದರೆ ಯಂತ್ರ ಸರಿಯಿದೆ, ಕಲೆ ಕಂಡರೆ ಕೆಟ್ಟಿದೆ ಎಂದರ್ಥ. ಅವಿನಾಶಿ ಊರಿನ ನೇಕಾರರ ಮನೆಯಲ್ಲಿ ಹರಿದ ಎಳೆಗಳಿಗೆ ಗಂಟು ಹಾಕಿ ಪಳಗಿದ ಬೆರಳುಗಳು ಅವರವು. ಡಾಕ್ಟರು ಅವಸರ ಮಾಡಿದರೆ "ಕೊಂಜಂ ಇರುಂಗೊ ಸಾರ್", ಸ್ವಲ್ಪ ತಾಳಿ ಸಾರ್, ಎಂದು ತಮಿಳಿನಲ್ಲಿ ಹೇಳಿ ಉಸಿರು ಬಿಗಿಹಿಡಿಯುತ್ತಿದ್ದರು. ಊಟದೆಲೆಗೆ ಉಪ್ಪು ಹಾಕಿಕೊಳ್ಳುವಾಗಲೂ ಅವರು ಉಸಿರಾಡುವುದಿಲ್ಲವೆಂದು ನಾವು ನಗುತ್ತಿದ್ದೆವು. ಕೈಯನ್ನಂತೂ ರೇಖೆಗಳೇ ಅಳಿಸಿಹೋಗುವಷ್ಟು ತೊಳೆಯುತ್ತಿದ್ದರು. ಆದರೂ ನೆಂಟರು ಅವರ ಕೈಯಿಂದ ಕಾಫಿ ಲೋಟ ಇಸಿದುಕೊಳ್ಳಲು ಹೆದರುತ್ತಿದ್ದರು. ಹೆದರದೆ ಕುಡಿಯುತ್ತಿದ್ದವರು ಹೆಂಡತಿ ತಂಗಮ್ಮ ಒಬ್ಬರೇ. ಸ್ತನದ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡಿದ್ದ ಆಕೆ ೧೯೮೬ರಲ್ಲಿ ಬೆನ್ನುನೋವೆಂದು ಅದೇ ಕ್ಯಾಮೆರಾದಡಿ ಮಲಗಿದರು. ಪರದೆಯಲ್ಲಿ ಬೆನ್ನುಮೂಳೆಯುದ್ದಕ್ಕೂ ಕಲೆಗಳು ಕಂಡವು. "ಕ್ಯಾಮೆರಾದಲ್ಲೇ ಏನೋ ಇರ್ಬೇಕು" ಎಂದು ನನಗೆ ಹೇಳಿ, ಬೆಳ್ಳಿಯಪ್ಪನವರು ಆಕೆಯನ್ನು ಹೊರಗೆ ಕೂರಿಸಿ ಹೊಸ ಚುಕ್ಕಿ ಮಾಡಿದರು. ಪರದೆಯ ತುಂಬ ಒಂದೇ ಸಮ ಬೆಳಕು ಬಂತು. ಇನ್ನೊಂದು ಮಾಡಿದರು, ಮತ್ತೊಂದು ಮಾಡಿದರು. ಎಲ್ಲಾದರೂ ಒಂದು ಕಲೆ ಕಾಣಲಿ ಎಂದು ಅಷ್ಟೊಂದು ಹಂಬಲಿಸಿ ಪರದೆ ನೋಡಿದವರನ್ನು ನಾನು ಬೇರೆ ಕಂಡಿಲ್ಲ. ಕೊನೆಗೆ ಕೈ ತೊಳೆದು ಹೊರಬಂದರು. "ಏನ್ರೀ, ಮಿಷಿನ್ ಕೆಟ್ಟೋಯ್ತಾ? ನಾಳೆ ಮತ್ತೆ ಬರ್ಬೇಕಾ?" ಎಂದು ತಂಗಮ್ಮ ಕೇಳಿದರು. "ಇಲ್ಲ ತಂಗಮ್ಮ, ಮಿಷಿನ್ ಚೆನ್ನಾಗೈತೆ." ಆಕೆಯ ಮುಖ ಅರಳಿತು. "ಸದ್ಯ, ತುಡಿಯಲೂರಿಂದ ಇನ್ನೊಂದ್ಸಲ ಬಸ್ಸು ಹತ್ತೋದು ತಪ್ತು" ಎಂದರು.